ಕಾಕ್ ಬಂದ್ ಇತ್ತು, ಬುಲ್ಡೋಜರ್ ನಡೆದಿತ್ತು

ಅಳತೆಗೆ ಸಿಗದ ಯಾವುದನ್ನೂ ನಾನು ನಂಬಿದವಳಲ್ಲ. ಸತ್ತವರ ದನಿ ಕೇಳಿಸಿತು, ಬಾವಿಯ ಹತ್ತಿರ ಯಾರೋ ನಿಂತಿದ್ದರು ಎಂದು ಯಾರಾದರೂ ಶುರು ಮಾಡಿದರೆ ಸಾಕು, ಆ ಹೊತ್ತಿಗೆ ನೀವು ಉಂಡಿದ್ದಿರಾ, ಮೈಯಲ್ಲಿ ಜ್ವರ ಇತ್ತಾ, ಜೊತೆಗೆ ಯಾರಿದ್ದರು ಎಂದು ಮೂರು ಪ್ರಶ್ನೆ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಕೇಳುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಉಂಡಿದ್ದೆ, ಎರಡು ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ. ಜ್ವರ ಇರಲಿಲ್ಲ. ಹಾಡುಹಗಲು. ಜೊತೆಗೆ ಇಬ್ಬರಿದ್ದರು, ಇಬ್ಬರೂ ನನಗಿಂತ ಕಡಿಮೆ ಸುಳ್ಳು ಹೇಳುವವರು.

ನಾನು ಮಾನ್ವಿಯವಳು. ರಾಯಚೂರಿನ ಹತ್ತಿ ಮಾರುಕಟ್ಟೆಯ ಹೊರಗೆ ಹರಿದ ಗೋಣಿಚೀಲ ಕೊಂಡು, ತೇಪೆ ಹಾಕಿ ಮಾರುವುದರಿಂದ ನನ್ನ ದುಡಿಮೆ ಶುರುವಾಯಿತು. ಚೀಲದಿಂದ ತೂಕದ ಕಬ್ಬಿಣಕ್ಕೆ, ಕಬ್ಬಿಣದಿಂದ ಹಳೆಯ ಟ್ರ್ಯಾಕ್ಟರಿಗೆ ಬಂದೆ. ಚೌಕಾಸಿ ನನಗೆ ಯಾರೂ ಕಲಿಸಲಿಲ್ಲ. ನಿಮಗೆ ಬೇಕಿದ್ದರೆ ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ: ಕೊಳ್ಳುವ ವಸ್ತುವನ್ನು ಮೊದಲು ನೋಡಬೇಡಿ, ಮಾರುವವನು ಎಷ್ಟು ಸಲ ಬಾಗಿಲ ಕಡೆ ನೋಡುತ್ತಾನೆ ಎಂದು ನೋಡಿ. ಆ ಬುಲ್ಡೋಜರ್ ಕೊಂಡಾಗ, ಅದನ್ನು ಮಾರುತ್ತಿದ್ದ ಕಾಲುವೆ ಗುತ್ತಿಗೆದಾರ ಬಾಗಿಲ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ರಾಯಚೂರಿನ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಬಣ್ಣ ಎಂಬುದು ಉಳಿದಿರಲಿಲ್ಲ. ಬ್ಲೇಡಿನ ಹಿಂದೆ ನಾಯಿ ಮರಿ ಹಾಕಿತ್ತು. ಆದರೆ ಎಂಜಿನ್ನಿನ ಮೇಲೆ ಮಾತ್ರ ಧೂಳಿರಲಿಲ್ಲ.

ಅದಕ್ಕೆ ಕಾರಣ ಬಸಲಿಂಗ. ಮಸರಕಲ್ ಕಡೆಯವನು, ಆ ಗಾಡಿಯ ಹಳೆಯ ಡ್ರೈವರ್. ಗುತ್ತಿಗೆದಾರ ಸಂಬಳ ನಿಲ್ಲಿಸಿದ ಮೇಲೂ ವಾರಕ್ಕೊಮ್ಮೆ ಬಂದು ಎಂಜಿನ್ ಒರೆಸಿ, ಕೈಯಿಂದ ಒಂದು ಸುತ್ತು ತಿರುಗಿಸಿ ಹೋಗುತ್ತಿದ್ದನಂತೆ. ಯಾಕೆ ಎಂದು ಕೇಳಿದರೆ, "ಹಂಗ ಬಿಟ್ರ ಬಿಗದ ಹಿಡ್ಕೋತದ್ರೀ" ಎಂದಷ್ಟೇ ಹೇಳಿದ. ಗಾಡಿಯ ಜೊತೆ ಅವನನ್ನೂ ಕರೆದುಕೊಂಡೆ. ಟ್ರ್ಯಾಕ್ಟರ್ ಮಾರಿ, ಕಿವಿಯ ಓಲೆ ಮಾರಿ ಕೊಂಡ ಗಾಡಿ ಅದು. ಮಾನ್ವಿಯ ಕಡೆ ಭತ್ತದ ಗದ್ದೆ ಮಟ್ಟ ಮಾಡಿ, ದೇವದುರ್ಗದ ಕಡೆ ಹೊಲದ ಒಡ್ಡು ಹಾಕಿ ಅದು ನನ್ನನ್ನು ಸಾಕುತ್ತಿತ್ತು. ಬೇರೆ ಏನೂ ನನ್ನ ಹೆಸರಿನಲ್ಲಿ ಇರಲಿಲ್ಲ.

ಬಸಲಿಂಗ ಒಳ್ಳೆಯವನು ಎಂದು ಗೊತ್ತಿತ್ತು. ಆದರೂ ಡೀಸೆಲ್ ವಿಷಯದಲ್ಲಿ ನಾನು ಯಾರನ್ನೂ ನಂಬುತ್ತಿರಲಿಲ್ಲ. ಈ ದಂಧೆಯಲ್ಲಿ ಗಾಡಿ ಕುಡಿಯುವುದಕ್ಕಿಂತ ಡ್ರೈವರನ ಕ್ಯಾನು ಕುಡಿಯುವುದು ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಹಾಗಾಗಿ ಗೀಟು ಹಾಕಿದ ಒಂದು ಬೇವಿನ ಕೋಲು ಇಟ್ಟುಕೊಂಡು, ಬೆಳಿಗ್ಗೆ ಸಂಜೆ ಟ್ಯಾಂಕಿನೊಳಗೆ ಇಳಿಸಿ ಅಳೆಯುತ್ತಿದ್ದೆ. ಅದೂ ಸಾಲದೆಂದು ಕೆಲವು ವರ್ಷಗಳ ಹಿಂದೆ, ಕೃಷ್ಣೆಯ ದಂಡೆಯ ಒಂದು ಕೆಲಸಕ್ಕೆ ಹೊರಡುವ ಮುನ್ನ, ರಾಯಚೂರಿನಲ್ಲಿ ವೆಲ್ಡಿಂಗ್ ಮಾಡಿಸಿ ಟ್ಯಾಂಕಿಗೆ ದಪ್ಪ ಕಬ್ಬಿಣದ ಹೊಸ ಮುಚ್ಚಳ ಹಾಕಿಸಿದೆ. ಒಳಗೆ ರಬ್ಬರ್ ಬಳೆ, ಹೊರಗೆ ಬೀಗ. ಟ್ಯಾಂಕಿನ ಬುಡದಲ್ಲಿ ಡೀಸೆಲ್ ಬಿಡುವ, ನಿಲ್ಲಿಸುವ ಹಿತ್ತಾಳೆಯ ಕಾಕ್ ಇತ್ತು, ನಲ್ಲಿಯ ತಿರುಪಿನ ಹಾಗೆ. ಅಲ್ಲಿಂದಲೂ ಕದಿಯಬಹುದು ಎಂದು ಅದರ ಹಿಡಿ ಕೊಯ್ಯಿಸಿ, ಉಳಿದ ತುದಿಯ ಸುತ್ತ ಕಬ್ಬಿಣದ ಕೊಳವೆ ಬೆಸುಗೆ ಹಾಕಿಸಿದೆ. ಆ ಕೊಳವೆಯೊಳಗೆ ಪಕ್ಕಡ್, ಇಕ್ಕಳ ಯಾವುದೂ ಹೋಗುವುದಿಲ್ಲ. ಒಂದೇ ಒಂದು ಉದ್ದನೆಯ ಚಾವಿ ಮಾಡಿಸಿದ್ದೆ, ಅದು ನನ್ನ ಸೊಂಟದ ಗೊಂಚಲಿನಲ್ಲಿ ಇರುತ್ತಿತ್ತು. ಇದನ್ನೆಲ್ಲ ನೋಡಿಯೂ ಬಸಲಿಂಗ ಎಂಜಿನ್ ಒರೆಸುವುದನ್ನು ಬಿಡಲಿಲ್ಲ.

ಕೆಲಸ ಗಬ್ಬೂರಿನಿಂದ ಒಳಗೆ, ನದಿ ದಂಡೆಯ ಒಂದು ಊರಿನಲ್ಲಿ. ಅಲ್ಲಿಯ ರೈತರು ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳನ್ನು ನದಿಯ ಪಾತ್ರದವರೆಗೂ ಇಳಿಸಿಕೊಂಡಿರುತ್ತಾರೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅವನ್ನು ಮೇಲಕ್ಕೆ ಎಳೆಯಲು ದಂಡೆಯನ್ನು ಕೊರೆದು ಇಳಿಜಾರಿನ ದಾರಿ ಮಾಡಿಕೊಡಬೇಕಿತ್ತು. ಮೂರು ದಿನ ಕೆಲಸ ಓಡಿತು. ನಡುನಡುವೆ ಗಾಡಿ ಒಂದೆರಡು ಸಲ ನಿಂತಿತ್ತು, ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ದಾರಿಯ ಬುಡ ಸಮ ಮಾಡಲು ಗಾಡಿ ಕೆಳಗೆ ಪಾತ್ರಕ್ಕೆ ಇಳಿದಾಗ ನಿಜವಾದ ತೊಂದರೆ ಶುರುವಾಯಿತು. ಹತ್ತು ನಿಮಿಷ ನಡೆಯುವುದು, ಉಸ್ಸೆಂದು ನಿಲ್ಲುವುದು.

ಬಸಲಿಂಗ ಫಿಲ್ಟರ್ ಬದಲಿಸಿದ. ನಾನು ಬೀಗ ತೆಗೆದು ಕೋಲು ಇಳಿಸಿ ಡೀಸೆಲ್ ಇದೆಯೇ ನೋಡಿ ಮತ್ತೆ ಬೀಗ ಹಾಕಿದೆ. ಗಾಡಿ ಶುರುವಾಯಿತು. ಫಿಲ್ಟರೇ ಕಾರಣ ಅಂದುಕೊಂಡೆವು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಅವನು ಪೈಪು ಬಿಚ್ಚಿ ಊದಿದ, ನಾನು ಮತ್ತೆ ಅಳೆದು ಬೀಗ ಹಾಕಿದೆ. ಮತ್ತೆ ಶುರುವಾಯಿತು. ಪೈಪೇ ಕಾರಣ ಅಂದುಕೊಂಡೆವು. ಮತ್ತೆ ನಿಂತಿತು. ಆಗ ಅವನು ಒಂದು ಮಾತು ಹೇಳಿದ. "ಅಕ್ಕಾ, ಸಿಟ್ಟಿಗೇಳಬ್ಯಾಡ್ರಿ. ಈ ಮುಚ್ಚಳ ಬಂದಾಗಿಂದ ಗಾಡಿ ಸೈ ಇಲ್ಲ." ನನಗೆ ಒಳಗೊಳಗೇ ನಗು ಬಂತು. ಮುಚ್ಚಳ ಹೋದರೆ ಯಾರಿಗೆ ಲಾಭ ಎಂದು ನನಗೆ ಗೊತ್ತಿರಲಿಲ್ಲವೇ? ನನ್ನ ಬುದ್ಧಿವಂತಿಕೆ ಆ ದಿನ ಅಷ್ಟಿತ್ತು.

ಅಷ್ಟರಲ್ಲಿ ಮೇಲೆ ಜೀಪಿನಲ್ಲಿ ಮೈಕು ಕೂಗುತ್ತ ಬಂತು. ಗೇಟು ತೆರೆದಿದ್ದಾರೆ, ಮಧ್ಯಾಹ್ನದ ಮೇಲೆ ನದಿ ತುಂಬಿ ಬರುತ್ತದೆ, ಯಾರೂ ಪಾತ್ರದಲ್ಲಿ ಇರಬಾರದು. ಊರವರು ನಾವು ಮಾಡಿದ ದಾರಿಯಲ್ಲೇ ಪಂಪ್‌ಸೆಟ್ಟುಗಳನ್ನು ಒಂದೊಂದಾಗಿ ಎಳೆದುಕೊಂಡು ಹೋದರು. ಬುಲ್ಡೋಜರನ್ನು ಎಳೆಯುವ ಟ್ರ್ಯಾಕ್ಟರ್ ಯಾವ ಊರಿನಲ್ಲಿದೆ? ಎರಡು ಟ್ರ್ಯಾಕ್ಟರ್ ಕಟ್ಟಿ ನೋಡಿದರು, ಎರಡೂ ಮುಂಗಾಲು ಎತ್ತಿದವೇ ಹೊರತು ಗಾಡಿ ಒಂದು ಗೇಣು ಅಲುಗಲಿಲ್ಲ. ನೀರು ಬಂದರೆ ಒಂದು ತಿಂಗಳು ಇಳಿಯುವುದಿಲ್ಲ. ಆಮೇಲೆ ಸಿಗುವುದು ಮೆಕ್ಕಲು ತುಂಬಿದ ಕಬ್ಬಿಣ, ತೂಕಕ್ಕೆ ಮಾರುವಂಥದ್ದು.

ಮೊದಲ ಸಲ ನಿಂತಾಗಲೇ ನಾನು ರಾಯಚೂರಿನ ಮಹಬೂಬ್ ಸಾಬರಿಗೆ ಫೋನ್ ಮಾಡಿದ್ದೆ. ಡೀಸೆಲ್ ಪಂಪಿನ ಮಿಸ್ತ್ರಿ. ಎಪ್ಪತ್ತರ ಹತ್ತಿರದ ಮನುಷ್ಯ, ಎಂಜಿನ್ನುಗಳ ನಡುವೆ ಬದುಕಿ ಕಿವಿ ಅರ್ಧ ಹೋಗಿದೆ. ಹೆಂಗಸರನ್ನು ಅವರು ‘ಬಾಯಿ’ ಎಂದೇ ಕರೆಯುವುದು, ನಾವು ಅಮ್ಮಾ ಅಂದ ಹಾಗೆ. ಗಬ್ಬೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಯಾರದೋ ಬೈಕಿನ ಹಿಂದೆ ಕೂತು ಬಂದರು. ಕೈಯಲ್ಲಿ ಒಂದು ಚಿಕ್ಕ ಚೀಲ. ಅವರು ಬರುವ ಹೊತ್ತಿಗೆ ಊಟದ ಹೊತ್ತು ದಾಟಿತ್ತು.

ನಾನು ಬಹಳ ಮಿಸ್ತ್ರಿಗಳನ್ನು ಕಂಡಿದ್ದೇನೆ. ಬಂದ ಕೂಡಲೇ ಪಾನಾ ತೆಗೆದು ಬಿಚ್ಚಲು ಶುರು ಮಾಡುವವನನ್ನು ವಾಪಸು ಕಳಿಸಿಬಿಡಿ, ಇದೂ ನನ್ನ ಸಲಹೆ. ಮಹಬೂಬ್ ಸಾಬರು ಚೀಲವನ್ನೇ ತೆಗೆಯಲಿಲ್ಲ. ಬಸಲಿಂಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗಾಡಿ ಹೆಂಗ ಸಾಯ್ತದ, ಹೇಳು. ಒಮ್ಮಿಗೇ ಕುತ್ತಿಗಿ ಹಿಸುಕಿದಂಗೋ, ನಿದ್ದಿ ಬಂದಂಗೋ, ಇಲ್ಲಾ ಬಿಕ್ಕಳಿಕಿ ಬಂದಂಗೋ?" ಎಂದು ಕೇಳಿದರು. ಬಸಲಿಂಗ, ನಿದ್ದೆ ಬಂದ ಹಾಗೆ, ದನಿ ಇಳಿದು ಇಳಿದು ನಿಲ್ಲುತ್ತದೆ ಅಂದ. ಸಾಬರು ತಲೆಯಾಡಿಸಿದರು. ಬಿಕ್ಕಿದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದು, ಒಮ್ಮೆಗೇ ಸತ್ತರೆ ಪಂಪು ಹೋಗಿದೆ ಎಂದು, ನಿದ್ದೆ ಬಂದರೆ ಹೊಟ್ಟೆಗೆ ಸಾಲುತ್ತಿಲ್ಲ ಎಂದು ಅರ್ಥವಂತೆ. ಹತ್ತು ಮಾತಿನಲ್ಲಿ ಅರ್ಧ ಗಾಡಿಯನ್ನು ಅನುಮಾನದಿಂದ ಹೊರಗಿಟ್ಟರು. ಇನ್ನು ಟ್ಯಾಂಕಿನಿಂದ ಫಿಲ್ಟರಿನವರೆಗೆ ನೋಡಿದರೆ ಸಾಕು.

ಗಾಡಿ ಶುರು ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕಣ್ಣು ಮುಚ್ಚಿ ನಿಂತರು. ಕಿವಿ ಇಲ್ಲದವರು ದವಡೆಯಿಂದ ಕೇಳುತ್ತಿದ್ದರು! ಹತ್ತು ನಿಮಿಷಕ್ಕೆ ಗಾಡಿ ನಿಂತಿತು. ಅವರು ನೇರವಾಗಿ ಟ್ಯಾಂಕಿನ ಹತ್ತಿರ ಹೋಗಿ, ಬೀಗ ತೆಗೆ ಎಂದು ನನಗೆ ಕೈ ಮಾಡಿದರು. ಮುಚ್ಚಳ ಎತ್ತಿದ ಕೂಡಲೇ ಟ್ಯಾಂಕು ಹುಸ್ಸೆಂದು ಗಾಳಿ ಒಳಗೆ ಎಳೆದುಕೊಂಡಿತು, ಮುಳುಗಿದವರು ತಲೆ ಎತ್ತಿ ಉಸಿರು ಎಳೆದ ಹಾಗೆ. ಅಷ್ಟು ಹೊತ್ತು ನಾವು ಕೇಳಿಸಿಕೊಳ್ಳದ ಸದ್ದನ್ನು ಆ ಕಿವುಡ ಮನುಷ್ಯ ಅಂಗೈ ಒಡ್ಡಿ ಹಿಡಿದರು.

"ಬಾಯಿ, ಹಳೀ ಮುಚ್ಚಳಕ್ಕ ಸಣ್ಣ ತೂತು ಇತ್ತಲ್ಲ, ಅದು ಗಾಡಿ ಮೂಗು. ನೀವು ಕಳ್ಳರಿಗಂತ ಹಾಕಿದ ಬೀಗ ಅದರ ಮೂಗಿಗಿ ಬಿದ್ದದ."

ಡೀಸೆಲ್ ಕೆಳಗೆ ಹೋದಷ್ಟು ಗಾಳಿ ಮೇಲಿನಿಂದ ಒಳಗೆ ಬರಬೇಕು, ಬಾರದಿದ್ದರೆ ಟ್ಯಾಂಕು ಡೀಸೆಲ್ಲನ್ನು ಬಿಡುವುದಿಲ್ಲ. ಮೊದಲ ಮೂರು ದಿನ ಹೊಸ ರಬ್ಬರ್ ಬಳೆ ಪೂರ್ತಿ ಕೂತಿರಲಿಲ್ಲ, ಸಂದಿಯಿಂದ ಅಷ್ಟಿಷ್ಟು ಗಾಳಿ ಹೋಗುತ್ತಿತ್ತು. ನಾನು ಅಳೆಯಲೆಂದು ಮುಚ್ಚಳ ತೆಗೆದಾಗಲೆಲ್ಲ ಗಾಡಿಗೆ ಹತ್ತು ನಿಮಿಷದ ಉಸಿರು ಸಿಗುತ್ತಿತ್ತು. ನಾವು ಫಿಲ್ಟರಿಗೂ ಪೈಪಿಗೂ ಶ್ರೇಯ ಕೊಡುತ್ತಿದ್ದೆವು. ನಾನು ಬಸಲಿಂಗನ ಮುಖ ನೋಡಲಿಲ್ಲ. ಅವನು ನನ್ನನ್ನು ನೋಡಲಿಲ್ಲ. ಬೇರೆಯವನಾಗಿದ್ದರೆ ಒಂದು ಮಾತಾದರೂ ಆಡುತ್ತಿದ್ದ. ಅವನು ಮುಚ್ಚಳ ತೆಗೆದುಕೊಂಡು ಹೋಗಿ ಸೀಟಿನ ಕೆಳಗೆ ಇಟ್ಟು, ಟ್ಯಾಂಕಿನ ಬಾಯಿಗೆ ತನ್ನ ಟವೆಲ್ಲಿನ ಒಂದು ಪದರ ಹೊದಿಸಿದ. ಧೂಳು ಬೀಳಬಾರದಲ್ಲ.

ಆಗಲೇ ಹೊರಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪಂಪು ಅಷ್ಟು ಜೋರಾಗಿ ಡೀಸೆಲ್ ಎಳೆದಾಡಿದ್ದರಿಂದ ಟ್ಯಾಂಕಿನ ತಳದ ಕಸವೆಲ್ಲ ಕಾಕಿನ ಕೆಳಗಿನ ಗಾಜಿನ ಬಟ್ಟಲಿಗೆ ಬಂದು ಕೂತಿತ್ತು. ಏರಿನಲ್ಲಿ ಕಟ್ಟಿಕೊಂಡರೆ ಗಾಡಿ ಹಿಂದಕ್ಕೆ ಉರುಳುತ್ತದೆ, ಬಟ್ಟಲು ತೊಳೆದೇ ಹೋಗೋಣ ಅಂದರು ಸಾಬರು. ಕಾಕ್ ಬಂದ್ ಮಾಡಲು ನನಗೆ ಹೇಳಿದರು. ನಾನು ಮೊದಲು ಕೋಲು ಇಳಿಸಿ ಅಳೆದೆ. ಅಭ್ಯಾಸ ಬಿಡಬೇಕಲ್ಲ. ಗಾಡಿ ಸಮನೆಲದಲ್ಲಿ ನಿಂತಿತ್ತು, ಡೀಸೆಲ್ಲು ಏಳನೆಯ ಗೀಟಿಗೆ ಸರಿಯಾಗಿ ಇತ್ತು. ಆಮೇಲೆ ಗೊಂಚಲಿನಿಂದ ಚಾವಿ ಬಿಡಿಸಿ, ಕೊಳವೆಯೊಳಗೆ ತೂರಿಸಿ, ಕಾಕನ್ನು ಬಿಗಿಯಾಗುವವರೆಗೂ ತಿರುಗಿಸಿದೆ. ಬಟ್ಟಲು ಬಿಚ್ಚಿದಾಗ ಮೇಲಿನಿಂದ ಒಂದು ಹನಿಯೂ ಬೀಳಲಿಲ್ಲ. ಸಾಬರು ಬಟ್ಟಲು ತೊಳೆದು, ಕ್ಯಾನಿನಿಂದ ಬಟ್ಟಲಿಗೂ ಫಿಲ್ಟರಿಗೂ ಡೀಸೆಲ್ ತುಂಬಿಸಿ ಬಿಗಿ ಮಾಡಿದರು. "ಕಾಕ್ ತೆಗೀರಿ ಬಾಯಿ" ಎಂದು ಹೇಳಿ ಎಂಜಿನ್ನಿನ ಆ ಬದಿಗೆ ಹೋಗಿ ಪೈಪಿನೊಳಗೆ ಸೇರಿದ ಗಾಳಿ ತೆಗೆಯತೊಡಗಿದರು.

ಅದೇ ಹೊತ್ತಿಗೆ ದಂಡೆಯ ಮೇಲಿನವರು ಕೂಗಿದರು. ತಿರುಗಿ ನೋಡಿದೆ. ನದಿಯ ನಡುವಿನ ಬಂಡೆಗಳು ಕಾಣಿಸುತ್ತಿರಲಿಲ್ಲ. ಕೆಂಪು ನೀರು ಕಸಕಡ್ಡಿ ಹೊತ್ತುಕೊಂಡು, ಸದ್ದಿಲ್ಲದೆ, ಚಾಪೆ ಬಿಚ್ಚಿದ ಹಾಗೆ ನಮ್ಮ ಕಡೆ ಹರಡಿಕೊಂಡು ಬರುತ್ತಿತ್ತು. ನಾನು ಪಾನಾ, ಕ್ಯಾನು, ಸಾಬರ ಚೀಲ ಎಲ್ಲ ಬಾಚಿಕೊಂಡು ಏರಿನ ಕಡೆ ಓಡಿದೆ. ಕಾಕ್ ತೆರೆಯಬೇಕಾದವಳು ನಾನು. ಚಾವಿ ನನ್ನ ಮುಷ್ಟಿಯಲ್ಲಿತ್ತು. ನನಗೆ ನೆನಪೇ ಆಗಲಿಲ್ಲ. ಸಾಬರು ನಾನು ತೆರೆದಿದ್ದೇನೆ ಎಂದುಕೊಂಡು ಬಸಲಿಂಗನಿಗೆ ಕೈ ಎತ್ತಿದರು.

ಒಂದೇ ಸಲಕ್ಕೆ ಗಾಡಿ ಶುರುವಾಯಿತು. ಬಸಲಿಂಗ ಅದನ್ನು ಏರಿಗೆ ತಿರುಗಿಸಿದ. ಸಾಬರೂ ನಾನೂ ಪಕ್ಕಕ್ಕೆ ನಡೆದೆವು. ಹಸಿ ಮಣ್ಣಿನ ಕಡಿದಾದ ಏರು, ಎರಡು ಕಡೆ ಚೈನು ಜಾರಿತು. ಬಸಲಿಂಗ ಅವಸರ ಮಾಡಲಿಲ್ಲ. ಜಾರಿದಲ್ಲಿ ನಿಲ್ಲಿಸಿ, ಒಂದಿಷ್ಟು ಹಿಂದೆ ಬಿಟ್ಟು, ಬ್ಲೇಡಿನಿಂದ ಮಣ್ಣು ಕೆದರಿ, ಮತ್ತೆ ಮೇಲಕ್ಕೆ ಹತ್ತಿಸಿದ. ಕೆಳಗೆ ನೀರು ಗಾಡಿ ನಿಂತಿದ್ದ ಜಾಗ ಮುಚ್ಚಿತು, ಏರಿನ ಬುಡ ಮುಚ್ಚಿತು. ಅವನು ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ದನಿ ಇಳಿಯಲಿಲ್ಲ, ಹೊಗೆ ಕಪ್ಪಾಗಲಿಲ್ಲ. ಮೇಲೆ ಬಂದು ಸಮನೆಲದಲ್ಲಿ ನಿಂತಾಗ ಊರವರು ಅವನ ಬೆನ್ನು ತಟ್ಟಿದರು. ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕಡಿಮೆ ಇರಲಿಲ್ಲ. ಫೋನಿನಲ್ಲಿ ನೋಡಿದ್ದೇನೆ.

ಗಾಡಿ ಇನ್ನೂ ನಡೆಯುತ್ತಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಮುಷ್ಟಿ ಬಿಚ್ಚಿದೆ. ಚಾವಿ ಅಂಗೈಯಲ್ಲಿ ಅಚ್ಚೊತ್ತಿ ಕೂತಿತ್ತು. ಸಾಬರ ಕಣ್ಣಿಗೆ ಅದು ಬಿತ್ತು.

"ಕಾಕ್ ಯಾರು ತೆಗದ್ರು?"

ಅವರು ನನ್ನ ಕೈಯಿಂದ ಚಾವಿ ತೆಗೆದುಕೊಂಡು ಹೋಗಿ ಕೊಳವೆಯೊಳಗೆ ತೂರಿಸಿ, ಬಂದ್ ಆಗುವ ಕಡೆಗೆ ತಿರುಗಿಸಿ ನೋಡಿದರು. ಅಲುಗಲಿಲ್ಲ. ಆಗಲೇ ಬಂದ್ ಇತ್ತು. ಗಾಜಿನ ಬಟ್ಟಲು ನೋಡಿದರು, ತುಂಬಿಸಿದ ಬಟ್ಟಲು ಬರಿದಾಗಿತ್ತು. ಕಾಕಿನ ಕೆಳಗಿನ ನಟ್ಟು ಸಡಿಲಿಸಿ ಬೆರಳು ಇಟ್ಟರು. ಒದ್ದೆಯಾಗದ ಬೆರಳು ನನಗೆ ತೋರಿಸಿದರು. ಇಷ್ಟು ಹೊತ್ತೂ ಅವರ ತಲೆಯ ಹತ್ತಿರ ಎಂಜಿನ್ ನಡೆಯುತ್ತಲೇ ಇತ್ತು. ಅವರು ಅದರ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಬಸಲಿಂಗನಿಗೆ ಬಂದ್ ಮಾಡು ಎಂದು ಮೆಲ್ಲಗೆ ಹೇಳಿದರು. ಅವನು ಡೀಸೆಲ್ ತಡೆಯುವ ಲಿವರ್ ಎಳೆದ, ನಿಂತಿತು.

ನಾನು ಕೋಲು ತಂದೆ. ಟವೆಲ್ ಸರಿಸಿ ಇಳಿಸಿದೆ. ಏಳನೆಯ ಗೀಟು. ಒರೆಸಿ ಮತ್ತೆ ಇಳಿಸಿದೆ. ಏಳನೆಯ ಗೀಟೇ. ಆ ಏರನ್ನು ಹತ್ತಲು ಒಂದು ಬೆರಳಿನಷ್ಟಾದರೂ ಡೀಸೆಲ್ ಬೇಕು. ಯಾರೋ ನನ್ನ ಡೀಸೆಲ್ ಕದಿಯುತ್ತಾರೆಂದು ವರ್ಷಗಟ್ಟಲೆ ಅಳೆದವಳು ನಾನು, ಆ ಕೋಲು ಸುಳ್ಳು ಹೇಳುವುದಿಲ್ಲ.

"ಬಟ್ಟಲದಾಗ, ಫಿಲ್ಟರ್‌ದಾಗ ಇದ್ದದ್ದು?" ಎಂದು ಕೇಳಿದೆ.

"ಎರಡು ನಿಮಿಷ. ಏರಿನ್ಯಾಗ ಅಷ್ಟೂ ಇಲ್ಲ."

ನಾನು ಬಿಡುವವಳಲ್ಲ. ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟೆ, ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ. ಹಳೆಯ ಎಂಜಿನ್ನುಗಳು ಕೆಲವೊಮ್ಮೆ ತಮ್ಮ ಎಂಜಿನ್ ಆಯಿಲನ್ನೇ ಎಳೆದುಕೊಂಡು ನಡೆಯುತ್ತವೆ ಎಂದು ಕೇಳಿದ್ದೆ. ಸಾಬರು ಆಯಿಲ್ ನೋಡಿದರು, ಬೆಳಗಿನಷ್ಟೇ ಇತ್ತು. ಹಾಗೆ ನಡೆದರೆ ನೀಲಿ ಹೊಗೆ ಬರುತ್ತದೆ, ಲಿವರ್ ಎಳೆದರೂ ನಿಲ್ಲುವುದಿಲ್ಲ ಅಂದರು. ಕಾಕ್ ಒಳಗೊಳಗೇ ಸೋರುತ್ತಿರಬಹುದು ಅಂದೆ. ಸೋರಿದ್ದರೆ ಬೆರಳು ಒಣಗಿರುತ್ತಿತ್ತೇ, ಗೀಟು ಇಳಿಯುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಊರವರಿಗೆ ಸುದ್ದಿ ಗೊತ್ತಾಗಿತ್ತು. ಒಬ್ಬ ಮುದುಕಿ ಎಂಜಿನ್ನಿಗೆ ಕುಂಕುಮ ಹಚ್ಚಿದಳು. ಯಾರೋ ಸಾಬರ ಕಾಲಿಗೆ ಬೀಳಲು ಬಗ್ಗಿದರು, ನಿಮ್ಮ ಕೈಗುಣ ಅಂದರು. ಸಾಬರು ಎರಡು ಹೆಜ್ಜೆ ಹಿಂದೆ ಸರಿದರು. "ನಕ್ಕೋ ಯಪ್ಪಾ, ಬ್ಯಾಡ. ಮುಚ್ಚಳ ನಾನು ಹಿಡದೀನಿ, ಅದು ನಂದು. ಇದು ನಂದಲ್ಲ. ಸುಳ್ಳ ತಗೊಂಡು ಮನಿಗಿ ಹೆಂಗ ಹೋಗಲಿ?"

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಅಂಥ ಅವಕಾಶ ನನಗೆ ಸಿಕ್ಕಿದ್ದರೆ ಬಿಡುತ್ತಿದ್ದೆನೇ ಎಂದು ಪ್ರಾಮಾಣಿಕವಾಗಿ ಹೇಳಲಾರೆ. ಹೌದು ಅಂದಿದ್ದರೆ ಅರ್ಧ ಜಿಲ್ಲೆಯ ಗಾಡಿಗಳು ಅವರ ಬಾಗಿಲಿಗೆ ಬರುತ್ತಿದ್ದವು.

ಬಸಲಿಂಗನನ್ನು ಆಮೇಲೆ ಕೇಳಿದೆ, ಸೀಟಿನಲ್ಲಿ ಕೂತಾಗ ಏನಾದರೂ ಬೇರೆ ಅನಿಸಿತೇ ಎಂದು. ಅವನು "ಭಾರ ಇರಲಿಲ್ಲಕ್ಕಾ. ಖಾಲಿ ಬಂಡಿ ಹೊಡದಂಗ ಇತ್ತು" ಅಂದ. ಅವನು ಇವತ್ತಿಗೂ ಅಷ್ಟೇ ಹೇಳುತ್ತಾನೆ, ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆಯಿಲ್ಲ. ಮುಚ್ಚಳದ ವಿಷಯಕ್ಕೆ ನಾನು ಅವನ ಮುಂದೆ ತಪ್ಪಾಯಿತು ಅಂದೆ. "ಗಾಡಿ ಉಳೀತಲ್ಲ" ಅಂದ.

ಮಾನ್ವಿಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ಬಟ್ಟಲು, ಫಿಲ್ಟರ್ ಎಲ್ಲ ಅವತ್ತಿನ ಹಾಗೆಯೇ ತುಂಬಿಸಿ, ಕಾಕ್ ಬಂದ್ ಮಾಡಿ, ಗಡಿಯಾರ ಹಿಡಿದು ನಿಂತೆ. ಎರಡು ನಿಮಿಷ ಆಗುವ ಮೊದಲೇ ಗಾಡಿ ನಿಂತಿತು. ಏರು ಹತ್ತಿಸಿ ನೋಡಿದೆ, ಒಂದೂವರೆ ನಿಮಿಷಕ್ಕೇ ನಿಂತಿತು. ಬೆಳಿಗ್ಗೆ ನೋಡಿದೆ, ಸುಡುವ ಬಿಸಿಲಿನಲ್ಲಿ ನೋಡಿದೆ. ಒಂದು ಸಲವೂ ಅದು ನನ್ನ ಮಾತು ಉಳಿಸಲಿಲ್ಲ. ಕೊನೆಗೆ ಸಾಬರು ಆ ಕಾಕನ್ನೇ ಬಿಚ್ಚಿಕೊಂಡು, ಹೊಸದೊಂದನ್ನು ಹಿಡಿಯ ಸಮೇತ ಹಾಕಿಕೊಟ್ಟರು. ಹಳೆಯದನ್ನು ತಮ್ಮ ಅಂಗಡಿಯಲ್ಲಿ ಗಾಳಿ ಒತ್ತಿ, ನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಸಾಮಾನು ಕೊಳ್ಳಲು ರಾಯಚೂರಿಗೆ ಹೋದಾಗಲೆಲ್ಲ ಅವರ ಅಂಗಡಿಗೆ ಹೋಗುತ್ತೇನೆ. ಕಾಕು ಅಲ್ಲಿಯೇ ಹಲಗೆಯ ಮೇಲೆ ಇದೆ, ಬಿಚ್ಚಿದ ದಿನ ಬಂದ್ ಮಾಡಿದ್ದು ಇನ್ನೂ ತೆರೆದಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಅದನ್ನು ಇಳಿಸಿ, ಅಂಗಿಯ ತುದಿಯಿಂದ ಒರೆಸಿ, ಮೊದಲು ತಾವು ಊದುತ್ತಾರೆ. ಆಮೇಲೆ ನನ್ನ ಕೈಗೆ ಕೊಟ್ಟು, "ನೀವೂ ನೋಡ್ರಿ ಬಾಯಿ" ಅನ್ನುತ್ತಾರೆ. ನಾನು ಕಿವಿ ನೋಯುವವರೆಗೂ ಊದುತ್ತೇನೆ. ಉಸಿರು ಆ ಕಡೆ ಹೋಗುವುದಿಲ್ಲ. ಅವರು ಅದನ್ನು ವಾಪಸು ತೆಗೆದುಕೊಂಡು ಹಲಗೆಯ ಮೇಲೆ ಇಡುತ್ತಾರೆ, ಇಬ್ಬರೂ ಚಹಾ ಕುಡಿಯುತ್ತೇವೆ.